ವಿದೇಶ ಪ್ರಯಾಣಕ್ಕೆ ಪ್ಲಗ್ ಅಡಾಪ್ಟರ್: ಆಕಾರ ಬದಲಾಗುತ್ತದೆ, ವೋಲ್ಟೇಜ್ ಬದಲಾಗುವುದಿಲ್ಲ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಅನೇಕ ಮನೆಗಳಿಗೆ ಕೊಲ್ಲಿ ರಾಷ್ಟ್ರಗಳ ನಂಟಿದೆ. ದುಡಿಮೆಗಾಗಿ ಹೋದವರನ್ನು ಕಾಣಲು ರಜೆಯಲ್ಲಿ ಮಕ್ಕಳು ಹೋಗುತ್ತಾರೆ; ಮಗಳ ಬಾಣಂತನಕ್ಕೆಂದು ತಾಯಂದಿರು ಮೊದಲ ಬಾರಿಗೆ ವಿಮಾನವೇರುತ್ತಾರೆ. ಹಪ್ಪಳ, ಉಪ್ಪಿನಕಾಯಿಯ ಜತೆಗೆ ಮಿಕ್ಸಿ, ಮೊಬೈಲ್ ಚಾರ್ಜರ್, ಉಬ್ಬಸವಿರುವವರ ನೆಬ್ಯುಲೈಸರ್ ಕೂಡ ಪೆಟ್ಟಿಗೆ ಸೇರುತ್ತವೆ. ಇವುಗಳ ಪ್ಲಗ್ ಅಲ್ಲಿನ ಗೋಡೆಯ ಸಾಕೆಟಿಗೆ ಹೊಂದುವುದಿಲ್ಲವೆಂಬುದು ತಲಪಿದ ಮೇಲೆಯೇ ಹಲವರಿಗೆ ತಿಳಿಯುತ್ತದೆ. ಅಡಾಪ್ಟರಿನ ಮೇಲಿನ ಸೂಚನೆಗಳು ಕನ್ನಡದಲ್ಲಿರುವುದಿಲ್ಲ. ಆದುದರಿಂದ ಈ ವಿಷಯವನ್ನು ಇಲ್ಲಿ ಸಾದ್ಯಂತವಾಗಿ ವಿವರಿಸುತ್ತಿದ್ದೇವೆ.

ಆಕಾರಗಳು ಬೇರೆಯಾದುದು ಹೇಗೆ?

ಜಗತ್ತಿನ ಪ್ಲಗ್ ಮಾದರಿಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುವ ರೂಢಿಯಿದೆ. ನಮ್ಮ ಮನೆಗಳಲ್ಲಿರುವ ಮೂರು ದುಂಡು ಪಿನ್ನಿನ ಸಣ್ಣ ಪ್ಲಗ್ ಟೈಪ್ ಡಿ. ಇಸ್ತ್ರಿಪೆಟ್ಟಿಗೆ, ಗೀಸರ್‌ಗಳಿಗೆ ಬಳಸುವ ದಪ್ಪ ಪಿನ್ನಿನದು ಟೈಪ್ ಎಂ. ಇವೆರಡೂ ಬ್ರಿಟನ್ನಿನ ಹಳೆಯ ಮಾದರಿಗಳಿಂದ ಬಂದವು. ಬ್ರಿಟನ್ 1947ರಲ್ಲಿ ಚಪ್ಪಟೆಯಾದ ಮೂರು ಪಿನ್ನಿನ ಹೊಸ ಮಾದರಿಯನ್ನು ಗೊತ್ತುಪಡಿಸಿತು. ನಾವು ಹಳೆಯದನ್ನೇ ಉಳಿಸಿಕೊಂಡೆವು. ಆ ಹೊಸ ಮಾದರಿಯೇ ಟೈಪ್ ಜಿ. ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಕುವೈತ್, ಬಹರೈನ್, ಒಮಾನ್‌ಗಳಲ್ಲಿಯೂ ಸಿಂಗಾಪುರ, ಮಲೇಷ್ಯಾಗಳಲ್ಲಿಯೂ ಇದೇ ಬಳಕೆಯಲ್ಲಿದೆ. ಅಮೆರಿಕ, ಕೆನಡಾಗಳಲ್ಲಿ ಟೈಪ್ ಎ ಮತ್ತು ಬಿ, ಜರ್ಮನಿಯಲ್ಲಿ ಟೈಪ್ ಎಫ್, ಆಸ್ಟ್ರೇಲಿಯಾದಲ್ಲಿ ಟೈಪ್ ಐ ಇವೆ. ಹೋಗುವ ದೇಶದ ಅಕ್ಷರವನ್ನು ತಿಳಿದು ಅದಕ್ಕೆ ತಕ್ಕ ಅಡಾಪ್ಟರ್ ಕೊಳ್ಳುವುದು ಮೊದಲ ಹೆಜ್ಜೆ.

ಅಡಾಪ್ಟರ್ ಮಾಡದ ಕೆಲಸ

ಅಡಾಪ್ಟರ್ ಪಿನ್ನಿನ ಆಕಾರವನ್ನು ಮಾತ್ರ ಹೊಂದಿಸುತ್ತದೆ. ವಿದ್ಯುತ್ತಿನ ವೋಲ್ಟೇಜನ್ನು ಅದು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಭಾರತದಲ್ಲಿ 230 ವೋಲ್ಟ್, 50 ಹರ್ಟ್ಸ್ ಇದೆ. ಮೇಲೆ ಹೇಳಿದ ಕೊಲ್ಲಿ ರಾಷ್ಟ್ರಗಳಲ್ಲಿ 230ರಿಂದ 240 ವೋಲ್ಟ್, 50 ಹರ್ಟ್ಸ್ ಇರುವುದರಿಂದ ನಮ್ಮ ಉಪಕರಣಗಳಿಗೆ ತೊಂದರೆಯಿಲ್ಲ. ಸೌದಿ ಅರೇಬಿಯಾದಲ್ಲಿ ಈಗ 230 ವೋಲ್ಟ್ ಇದ್ದರೂ ಆವರ್ತನ 60 ಹರ್ಟ್ಸ್. ಅಲ್ಲಿ ಹಿಂದೆ 127 ವೋಲ್ಟ್ ಬಳಕೆಯಲ್ಲಿದ್ದುದರಿಂದ ಹಳೆಯ ಕಟ್ಟಡಗಳಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಅಮೆರಿಕದಲ್ಲಿ 120 ವೋಲ್ಟ್, ಜಪಾನಿನಲ್ಲಿ 100 ವೋಲ್ಟ್ ಮಾತ್ರ.

ಆದುದರಿಂದ ಉಪಕರಣದ ಚೀಟಿಯನ್ನು ಓದಲೇಬೇಕು. ಚಾರ್ಜರಿನ ಮೇಲೆ 'ಇನ್‌ಪುಟ್' ಎಂಬ ಪದದ ಮುಂದೆ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಅದು ಎಲ್ಲ ದೇಶಗಳಲ್ಲಿಯೂ ನಡೆಯುತ್ತದೆ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. 230 ವೋಲ್ಟ್ ಎಂದಷ್ಟೇ ಬರೆದಿರುವ 1000 ವಾಟ್ ಇಸ್ತ್ರಿಪೆಟ್ಟಿಗೆಯನ್ನು ಅಮೆರಿಕದಲ್ಲಿ ಜೋಡಿಸಿದರೆ ಸುಮಾರು 270 ವಾಟ್ ಮಾತ್ರ ದೊರೆತು ಅದು ಸರಿಯಾಗಿ ಕಾಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಅಲ್ಲಿಂದ ತಂದ 120 ವೋಲ್ಟಿನ ಉಪಕರಣವನ್ನು ಇಲ್ಲಿ ಜೋಡಿಸಿದರೆ ಸುಟ್ಟುಹೋಗುತ್ತದೆ. ನೆಬ್ಯುಲೈಸರಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಚೀಟಿಯಲ್ಲಿ 230 ವೋಲ್ಟ್, 50 ಹರ್ಟ್ಸ್ ಎಂದು ಮಾತ್ರ ಇದ್ದರೆ ಬೇರೆ ವೋಲ್ಟೇಜಿನ ಅಥವಾ ಆವರ್ತನದ ದೇಶಕ್ಕೆ ಅದನ್ನು ನಂಬಿ ಹೋಗಬಾರದು. ಅಲ್ಲಿಗೆ ತಕ್ಕ ಇನ್ನೊಂದನ್ನು ಮೊದಲೇ ಒದಗಿಸಿಕೊಳ್ಳಬೇಕು.

ಹೊರೆಯ ಲೆಕ್ಕ

ಅಡಾಪ್ಟರಿನ ಮೇಲೆ ಅದು ತಾಳಬಲ್ಲ ಆಂಪಿಯರ್ ಎಷ್ಟೆಂದು ಬರೆದಿರುತ್ತದೆ. ಉಪಕರಣದ ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಅದು ಸೆಳೆಯುವ ಆಂಪಿಯರ್ ದೊರೆಯುತ್ತದೆ. 750 ವಾಟಿನ ಮಿಕ್ಸಿ 230 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್ ಸೆಳೆಯುತ್ತದೆ. 6 ಆಂಪಿಯರಿನ ಅಡಾಪ್ಟರಿಗೆ ಇದು ಭಾರವಲ್ಲ. 1500 ವಾಟಿನ ಕೆಟಲ್ 6.5 ಆಂಪಿಯರ್ ಸೆಳೆಯುವುದರಿಂದ ಅದೇ ಅಡಾಪ್ಟರ್ ಬಿಸಿಯೇರಿ ಕರಗಬಹುದು. ಒಂದಕ್ಕೊಂದು ಅಡಾಪ್ಟರ್ ಪೋಣಿಸುವುದು, ಅದರ ಮೇಲೆ ಎಕ್ಸ್‌ಟೆನ್ಶನ್ ಬೋರ್ಡ್ ಜೋಡಿಸಿ ನಾಲ್ಕು ಉಪಕರಣ ನಡೆಸುವುದು ಸರ್ವಥಾ ಸಲ್ಲದು.

ಮೂರನೆಯ ಪಿನ್ನಿನ ಮಹತ್ವ

ಪ್ಲಗ್ಗಿನ ಉದ್ದನೆಯ ಪಿನ್ನು ಭೂಸಂಪರ್ಕದ್ದು, ಅಂದರೆ ಅರ್ತ್. ಲೋಹದ ಮೈಯುಳ್ಳ ಉಪಕರಣದಲ್ಲಿ ವಿದ್ಯುತ್ ಸೋರಿದರೆ ಅದನ್ನು ನೆಲಕ್ಕೆ ಹರಿಸಿ ನಮ್ಮನ್ನು ಕಾಪಾಡುವುದು ಇದೇ. 'ಎಲ್ಲ ದೇಶಗಳಿಗೂ ಒಂದೇ' ಎಂದು ಮಾರಾಟವಾಗುವ ಹಲವು ಅಡಾಪ್ಟರುಗಳಲ್ಲಿ ಈ ಸಂಪರ್ಕವಿರುವುದಿಲ್ಲ. ಮೂರು ಪಿನ್ನಿನ ಉಪಕರಣಕ್ಕೆ ಭೂಸಂಪರ್ಕವಿರುವ ಅಡಾಪ್ಟರನ್ನೇ ಕೇಳಿ ಕೊಳ್ಳಬೇಕು.

ಟೈಪ್ ಜಿ ಸಾಕೆಟಿನಲ್ಲಿ ಮಕ್ಕಳ ರಕ್ಷಣೆಗೆ ಒಂದು ಉಪಾಯವಿದೆ. ಕೆಳಗಿನ ಎರಡು ರಂಧ್ರಗಳನ್ನು ಒಳಗಿನಿಂದ ಮುಚ್ಚಳಗಳು ಮುಚ್ಚಿರುತ್ತವೆ. ಮೇಲಿನ ರಂಧ್ರಕ್ಕೆ ಉದ್ದನೆಯ ಪಿನ್ನು ಹೊಕ್ಕಾಗ ಮಾತ್ರ ಅವು ತೆರೆಯುತ್ತವೆ. ಆ ರಂಧ್ರಕ್ಕೆ ಪೆನ್ನನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ ಎರಡು ಪಿನ್ನಿನ ಪ್ಲಗ್ಗನ್ನು ಬಲವಂತವಾಗಿ ಒತ್ತುವ ಅಭ್ಯಾಸ ಕೆಲವರಲ್ಲಿದೆ. ಚೌಕ ರಂಧ್ರದಲ್ಲಿ ದುಂಡು ಪಿನ್ನು ಗಟ್ಟಿಯಾಗಿ ಕೂರುವುದಿಲ್ಲ. ಕಿಡಿ ಹಾರುತ್ತದೆ, ಸಾಕೆಟ್ ಕಾಯುತ್ತದೆ. ನೋಡಿ ಕಲಿಯುವ ಮಗು ಲೋಹದ ಕಡ್ಡಿಯನ್ನೇ ತೂರಿಸಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಕೊಲ್ಲಿಯಿಂದ ಬಂದ ಸಾಮಾನುಗಳು

ಊರಿಗೆ ಬರುವವರು ತರುವ ಉಪಕರಣಗಳಲ್ಲಿ ಟೈಪ್ ಜಿ ಪ್ಲಗ್ ಇರುತ್ತದೆ. ಅದನ್ನು ಕತ್ತರಿಸಿ ತಂತಿಯನ್ನೇ ಸಾಕೆಟಿಗೆ ಸಿಕ್ಕಿಸುವುದು ಪ್ರಾಣಾಪಾಯಕರ. ಆ ಪ್ಲಗ್ಗಿನೊಳಗೆ 3 ಅಥವಾ 13 ಆಂಪಿಯರಿನಂತಹ ಫ್ಯೂಸ್ ಇರುತ್ತದೆ; ಪ್ಲಗ್ ತೆಗೆದರೆ ತಂತಿಯನ್ನು ಕಾಯುವ ಫ್ಯೂಸೂ ಹೋಗುತ್ತದೆ. ಅಲ್ಪ ವಿದ್ಯುತ್ತಿನ ಉಪಕರಣಗಳಿಗೆ ಐಎಸ್‌ಐ ಮುದ್ರೆಯ ಇಲ್ಲಿನ ಸಾಕೆಟಿಗೆ ಸರಿಯಾಗಿ ಕೂರುವ ಉತ್ತಮ ಅಡಾಪ್ಟರ್ ಸಾಕು. ಓವನ್, ಹೀಟರ್‌ಗಳಂತಹವಕ್ಕೆ ಬಲ್ಲ ಇಲೆಕ್ಟ್ರಿಶಿಯನ್‌ನಿಂದ 16 ಆಂಪಿಯರಿನ ಪ್ಲಗ್ ಹಾಕಿಸುವುದೇ ಕ್ಷೇಮ. ಕಂದು ತಂತಿ ಲೈವ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಭೂಸಂಪರ್ಕ ಎಂಬುದನ್ನು ಮನೆಯವರೂ ತಿಳಿದಿರಬೇಕು.

ವಾಟ್, ವೋಲ್ಟ್, ಆಂಪಿಯರ್, ಫ್ಯೂಸ್, ಭೂಸಂಪರ್ಕ ಇವೆಲ್ಲವೂ ನಮ್ಮ ಪ್ರೌಢಶಾಲಾ ಮಕ್ಕಳು ಕನ್ನಡದಲ್ಲಿಯೇ ಕಲಿಯುವ ಪಾಠಗಳು. ಕನ್ನಡದಲ್ಲಿ ವಿಜ್ಞಾನ ಕಲಿತರೆ ಹೊರದೇಶದಲ್ಲಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಚೀಟಿಯಲ್ಲಿರುವ ಇಂಗ್ಲಿಷ್ ಪದಗಳು ಎರಡೋ ಮೂರೋ. ಅವುಗಳ ಹಿಂದಿರುವ ಲೆಕ್ಕವನ್ನು ಅರಿತವರಿಗೆ ಅವು ಕಷ್ಟವಲ್ಲ. ಪ್ರಯಾಣಕ್ಕೆ ಒಂದು ವಾರ ಮುಂಚೆ ಪೆಟ್ಟಿಗೆಗೆ ಸೇರುವ ಪ್ರತಿಯೊಂದು ಉಪಕರಣದ ಚೀಟಿಯನ್ನೂ ಮಕ್ಕಳಿಂದ ಓದಿಸಿ, ವೋಲ್ಟೇಜ್, ಆವರ್ತನ, ವಾಟ್‌ಗಳನ್ನು ಒಂದು ಹಾಳೆಯಲ್ಲಿ ಬರೆಸಿರಿ. ಅಡಾಪ್ಟರ್ ಕೊಳ್ಳಲು ಅಂಗಡಿಗೆ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.