ಮೊಟ್ಟೆಯೊಳಗಿನ ಮೊದಲ ಎರಡು ಗಂಟೆ

ತಾಳವಾಡಿ ಬೆಟ್ಟಸೀಮೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಅಲ್ಲಿ ಕನ್ನಡವೇ ಮನೆಮಾತಾದ ಊರುಗಳು ಬಹಳ. ಬೆಟ್ಟದ ಆಚೆಗೆ ಚಾಮರಾಜನಗರ. ಗಡಿಯ ಎರಡೂ ಕಡೆಯ ರೈತರಿಗೆ ಹಿಪ್ಪುನೇರಳೆ, ಚಾಕಿ, ಗೂಡು ಎಂಬ ಮಾತುಗಳು ಹೊಸವಲ್ಲ. ರೇಷ್ಮೆ ಕಸುಬಿನ ಬುಡದಲ್ಲಿರುವುದು ರಾಗಿಕಾಳಿನ ಗಾತ್ರದ ಒಂದು ಮೊಟ್ಟೆ. ಜೀವಶಾಸ್ತ್ರದ ಒಂದು ದೊಡ್ಡ ಪ್ರಶ್ನೆಗೆ ಆ ಮೊಟ್ಟೆಯೇ ಒಳ್ಳೆಯ ಸಾಕ್ಷಿ: ಫಲೀಕರಣದ ಹೊತ್ತಿನಲ್ಲಿ ಕೆಲಸ ನಡೆಸುವವರು ಯಾರು? ಈಜಿ ಬರುವ ವೀರ್ಯಾಣು ಚುರುಕಿನದು, ಮೊಟ್ಟೆ ಸುಮ್ಮನೆ ಬಿದ್ದಿರುವ ಆಹಾರದ ಮೂಟೆ ಎಂಬ ಎಣಿಕೆ ಶಾಲೆಯ ದಿನಗಳಿಂದಲೇ ನಮ್ಮಲ್ಲಿ ಬೇರೂರಿದೆ. ಸಾಕ್ಷ್ಯಗಳನ್ನು ನೋಡಿದರೆ ಈ ಎಣಿಕೆ ನಿಲ್ಲುವುದಿಲ್ಲ. ಫಲೀಕರಣವೆಂದರೆ ಮುಖ್ಯವಾಗಿ ಮೊಟ್ಟೆ ತನ್ನ ಒಳಗನ್ನು ತಾನೇ ಹೊಸದಾಗಿ ಜೋಡಿಸಿಕೊಳ್ಳುವ ಕ್ರಿಯೆ. ಅದರ ಸಿದ್ಧತೆಯೆಲ್ಲ ತಾಯಿಯ ಒಡಲಲ್ಲೇ ಮುಗಿದಿರುತ್ತದೆ.

ಮೊಟ್ಟೆ ತಯಾರಿಕಾ ಕೇಂದ್ರದಲ್ಲಿ ಚಿಟ್ಟೆಗಳ ಜೋಡಿಯನ್ನು ಕೆಲವು ಗಂಟೆಗಳ ಬಳಿಕ ಬಿಡಿಸುತ್ತಾರೆ. ಹೆಣ್ಣು ಆ ರಾತ್ರಿಯೇ ಮೊಟ್ಟೆಗಳಲ್ಲಿ ಹೆಚ್ಚಿನ ಪಾಲನ್ನು ಇಡುತ್ತದೆ. ಗಂಡಿನ ವೀರ್ಯಾಣುಗಳು ಅಲ್ಲಿಯವರೆಗೆ ಅದರ ಒಡಲಿನ ಚೀಲವೊಂದರಲ್ಲಿ ಕಾದಿರುತ್ತವೆ. ಮೊಟ್ಟೆ ಹೊರಗೆ ಜಾರುವಾಗ ಅದರ ಒಂದು ತುದಿಯ ಸಣ್ಣ ರಂಧ್ರದಿಂದ ಒಳಸೇರುತ್ತವೆ. ಆಗ ಮೊಟ್ಟೆಯ ಕೋಶಕೇಂದ್ರ ಅರ್ಧ ದಾರಿಯಲ್ಲಿ ನಿಂತಿರುತ್ತದೆ. ವರ್ಣತಂತುಗಳನ್ನು ಅರ್ಧಕ್ಕಿಳಿಸುವ ವಿಭಜನೆಯ ಮೊದಲ ಹಂತದಲ್ಲಿ, ಕದಿರಿನಂಥ ನೂಲುಗಳ ನಡುವೆ, ವರ್ಣತಂತುಗಳು ಸಾಲುಗಟ್ಟಿ ತಡೆದು ನಿಂತಿವೆ. ಮೊಟ್ಟೆ ಹೊರಬಿದ್ದ ಮೇಲೆ ತಡೆ ಕಳಚುತ್ತದೆ, ಎರಡು ವಿಭಜನೆಗಳು ಮುಗಿಯುತ್ತವೆ, ಬೇಡದ ಕೇಂದ್ರಗಳು ಅಂಚಿನಲ್ಲೇ ಉಳಿದು ಕರಗುತ್ತವೆ, ಉಳಿದ ಒಂದು ಒಳಕ್ಕೆ ಸರಿಯುತ್ತದೆ. ರೇಷ್ಮೆ ಮೊಟ್ಟೆಗೆ ಒಂದಕ್ಕಿಂತ ಹೆಚ್ಚು ವೀರ್ಯಾಣು ಹೊಗುವುದು ಸಾಮಾನ್ಯ. ಹೆಣ್ಣು ಕೇಂದ್ರದೊಡನೆ ಬೆರೆಯುವುದು ಒಂದೇ, ಮಿಕ್ಕವು ಅಳಿಯುತ್ತವೆ. ಇಷ್ಟಕ್ಕೆ ಸುಮಾರು ಎರಡು ಗಂಟೆ. ಆಮೇಲೆ ಕೇಂದ್ರವೊಂದೇ ಮತ್ತೆ ಮತ್ತೆ ಒಡೆಯುತ್ತದೆ. ನಡುವೆ ಗೋಡೆಗಳಿಲ್ಲ. ಹೀಗೆ ಹುಟ್ಟಿದ ಕೇಂದ್ರಗಳು ಮೊಟ್ಟೆಯ ಆಹಾರ ಭಂಡಾರದ ನಡುವಿನಿಂದ ಹೊರ ಅಂಚಿನ ಕೋಶರಸಕ್ಕೆ ಸಾಗಿದ ಮೇಲಷ್ಟೇ ಗೋಡೆಗಳು ಏಳುತ್ತವೆ.

ಮೊಟ್ಟೆಯೊಳಗಿನ ಇಂಥ ಸಾಗಾಟವನ್ನು ಬೇರೆ ಜೀವಿಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ಕಪ್ಪೆಯ ಮೊಟ್ಟೆಗೆ ವೀರ್ಯಾಣು ಹೊಕ್ಕ ಕೆಲಹೊತ್ತಿಗೆ ಅದರ ಹೊರಪದರವೆಲ್ಲ ಒಳಗಿನ ಭಂಡಾರದ ಮೇಲೆ ಸುಮಾರು 30 ಡಿಗ್ರಿ ಹೊರಳುತ್ತದೆ. ವೀರ್ಯಾಣು ಹೊಕ್ಕ ಕಡೆಗೆ ಎದುರಾದ ಬದಿ ಮುಂದೆ ಮರಿಯ ಬೆನ್ನಾಗುತ್ತದೆ. ಅತಿನೇರಳೆ ಕಿರಣ ಹಾಯಿಸಿ ಈ ಹೊರಳುವಿಕೆಯನ್ನು ತಡೆದರೆ ಬೆನ್ನೂ ತಲೆಯೂ ಇಲ್ಲದ ಭ್ರೂಣ ಬೆಳೆಯುತ್ತದೆ. ಅಂಥ ಮೊಟ್ಟೆಯನ್ನೇ ಸಕಾಲದಲ್ಲಿ ಓರೆ ಮಾಡಿ ಇಟ್ಟರೆ, ಭಾರಕ್ಕೆ ಭಂಡಾರ ಜಾರಿ, ಮತ್ತೆ ಬೆನ್ನು ಮೂಡುತ್ತದೆ. ಇದು ನನಗೆ ಇಡೀ ಜೀವಶಾಸ್ತ್ರದ ಬೆರಗಿನ ಸಂಗತಿಗಳಲ್ಲೊಂದು: ದೇಹದ ನಕ್ಷೆಯ ಒಂದು ಮುಖ್ಯ ಗೆರೆ ಬೀಳುವುದು ಮೊಟ್ಟೆಯೊಳಗಿನ ಸಾಮಗ್ರಿ ಕೆಲವು ಡಿಗ್ರಿ ಪಕ್ಕಕ್ಕೆ ಸರಿಯುವುದರಿಂದ.

ಹಾಗಾದರೆ ವೀರ್ಯಾಣು ಇಲ್ಲದೆ ಈ ಕೆಲಸ ಶುರುವಾಗುತ್ತದೆಯೇ? ಆಗುತ್ತದೆ. ಕಪ್ಪೆಯ ಮೊಟ್ಟೆಯನ್ನು ಸೂಜಿಯಿಂದ ಚುಚ್ಚಿದರೂ ಬೆಳವಣಿಗೆ ಆರಂಭವಾಗುವುದನ್ನು ಬಟಾಯೋ ಎಂಬ ಫ್ರೆಂಚ್ ವಿಜ್ಞಾನಿ 1910ರಲ್ಲಿ ತೋರಿಸಿದರು. ಅದಕ್ಕೂ ಮೊದಲು, 1886ರಲ್ಲೇ, ರಷ್ಯದ ತಿಖೊಮಿರೊವ್ ಗಂಡಿನ ಸೋಂಕಿಲ್ಲದ ರೇಷ್ಮೆ ಮೊಟ್ಟೆಗಳನ್ನು ಗಂಧಕಾಮ್ಲದಲ್ಲಿ ಅದ್ದಿಯೂ ಉಜ್ಜಿಯೂ ಎಚ್ಚರಿಸಿದ್ದರು. ಮುಂದೆ ಅಸ್ತೌರೊವ್ ಎಂಬ ವಿಜ್ಞಾನಿ, ಫಲಿತವಾಗದ ಮೊಟ್ಟೆಗಳನ್ನು 46 ಡಿಗ್ರಿ ಸೆಲ್ಸಿಯಸ್‌ನಲ್ಲಿ 18 ನಿಮಿಷ ಇಟ್ಟು, ತಾಯಿಯ ಪಡಿಯಚ್ಚಿನಂಥ ಹೆಣ್ಣು ಹುಳುಗಳನ್ನೇ ಪಡೆದರು. ಹಣ್ಣುನೊಣದಲ್ಲಂತೂ ಮೊಟ್ಟೆ ಅಂಡಾಶಯದಿಂದ ನಾಳಕ್ಕೆ ಇಳಿಯುವಾಗಲೇ ಕ್ಯಾಲ್ಸಿಯಂನ ಅಲೆಯೊಂದು ಹಾಯ್ದು ಮೊಟ್ಟೆ ಎಚ್ಚರಗೊಳ್ಳುತ್ತದೆ. ವೀರ್ಯಾಣು ಬಂದರೂ ಸರಿ, ಬಾರದಿದ್ದರೂ ಸರಿ.

ಮೊಟ್ಟೆಯೇ ಮುಖ್ಯವೆಂಬ ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದೂ ರೇಷ್ಮೆಯಿಂದಲೇ ಬಂದದ್ದು. ಮೊಟ್ಟೆಯ ಕೇಂದ್ರವನ್ನು ವಿಕಿರಣದಿಂದ ಕೆಡಿಸಿ, ಬಿಸಿ ತಾಗಿಸಿದಾಗ, ಒಳಹೊಕ್ಕ ಎರಡು ವೀರ್ಯಾಣುಗಳ ಕೇಂದ್ರಗಳೇ ಒಂದಾಗಿ ಹುಳು ಬೆಳೆಯುವುದುಂಟು. ಇದೇ ಅಸ್ತೌರೊವ್ 1957ರಲ್ಲಿ ತೋರಿಸಿದಂತೆ ಅಂಥ ಹುಳುಗಳೆಲ್ಲ ಗಂಡು, ಗುಣದಲ್ಲಿ ತಂದೆಯ ಹಾಗೆ. ತಾಯಿಯ ಕೋಶರಸದಲ್ಲಿ ಬೆಳೆದರೂ ಕೋಶಕೇಂದ್ರದ ಮಾತೇ ನಡೆಯಿತು. ಇದನ್ನು ಒಪ್ಪಲೇಬೇಕು. ಆದರೆ ಆ ಎರಡು ಕೇಂದ್ರಗಳನ್ನು ಒಂದಾಗಿಸಿ, ಒಡೆದು, ಅಂಚಿಗೆ ಸಾಗಿಸಿದ್ದು ತಾಯಿ ತುಂಬಿಟ್ಟಿದ್ದ ಕೋಶರಸವೇ. ಸಸ್ತನಿಗಳ ವಿಷಯದಲ್ಲಿ ನನ್ನ ವಾದ ಇನ್ನಷ್ಟು ತಗ್ಗಬೇಕು: ಇಲಿಯ ಮೊಟ್ಟೆಯಲ್ಲಿ ಎರಡೂ ಕೇಂದ್ರ ತಾಯಿಯವಾದರೆ ಭ್ರೂಣ ಪೂರ್ತಿ ಬೆಳೆಯದೆಂದು 1984ರಲ್ಲಿ ಖಚಿತವಾಯಿತು. ಕ್ಯಾಲ್ಸಿಯಂ ಅಲೆ ಎಬ್ಬಿಸುವ ಪ್ರೋಟೀನನ್ನೂ ಅಲ್ಲಿ ವೀರ್ಯಾಣುವೇ ತರುತ್ತದೆ. ಅಲೆ ಎದ್ದಮೇಲಿನ ಮರುಜೋಡಣೆ ಮಾತ್ರ ಅಲ್ಲೂ ಮೊಟ್ಟೆಯ ಪಾಲಿನದೇ.

ಮೊಟ್ಟೆಯ ಸಿದ್ಧತೆ ತಾಯಿಯ ಒಡಲಲ್ಲೇ ನಡೆಯುತ್ತದೆ ಎಂಬುದರ ಪುರಾವೆಗಾಗಿ ರೇಷ್ಮೆ ಬೆಳೆಗಾರರಿಗೆ ಪ್ರಯೋಗಾಲಯ ಬೇಕಿಲ್ಲ. ಮೈಸೂರು ತಳಿಯ ಮೊಟ್ಟೆ ಹತ್ತು ದಿನದ ಆಸುಪಾಸಿನಲ್ಲಿ ಒಡೆಯುತ್ತದೆ. ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿಯ ಮೊಟ್ಟೆ ಸಾಮಾನ್ಯವಾಗಿ ಬಣ್ಣ ಗಾಢವಾಗಿ, ಬೆಳವಣಿಗೆ ನಿಂತು, ನಿದ್ರೆಗೆ ಜಾರುತ್ತದೆ; ಬೇಗ ಮರಿಯಾಗಬೇಕಾದರೆ ಇಟ್ಟ ಮಾರನೆಯ ದಿನವೇ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಬೇಕು. ಮೈಸೂರು ಹೆಣ್ಣಿಗೆ ದ್ವಿತಳಿ ಗಂಡನ್ನು ಕೂಡಿಸಿದ ಮಿಶ್ರತಳಿಯ ಮೊಟ್ಟೆ ಮಾತ್ರ ನಿದ್ರಿಸದೆ ಒಡೆಯುತ್ತದೆ. ಗಂಡು ಹೆಣ್ಣಿನ ತಳಿಯನ್ನು ಅದಲುಬದಲು ಮಾಡಿದರೆ ಮೊಟ್ಟೆ ನಿದ್ರೆಗೆ ಜಾರುತ್ತದೆ. ಎರಡು ಮೊಟ್ಟೆಗಳಲ್ಲೂ ಎರಡೂ ತಳಿಯ ವರ್ಣತಂತುಗಳಿದ್ದರೂ ನಡೆ ಬೇರೆ, ಏಕೆಂದರೆ ನಿದ್ರೆಯ ನಿರ್ಧಾರ ತಾಯಿ ಗೂಡಿನೊಳಗೆ ಕೋಶಾವಸ್ಥೆಯಲ್ಲಿದ್ದಾಗ ಅದರ ಹಾರ್ಮೋನಿನಿಂದ ಬೆಳೆಯುವ ಮೊಟ್ಟೆಯಲ್ಲಿ ದಾಖಲಾಗಿರುತ್ತದೆ. ಹಾಗಾದರೆ ತಂದೆಯ ಗುಣ ಎಲ್ಲಿ ಹೋಯಿತು? ಅದು ಒಂದು ತಲೆಮಾರು ತಡೆದು ಬರುತ್ತದೆ. ಆ ಮಿಶ್ರತಳಿಯ ಮಗಳು ಬೆಳೆದು ತನ್ನ ಮೊಟ್ಟೆಗಳನ್ನು ತುಂಬುವಾಗ, ತಂದೆಯಿಂದ ಬಂದದ್ದು ಅವುಗಳ ನಿದ್ರೆಯಲ್ಲಿ ಕಾಣಿಸಿಕೊಳ್ಳುತ್ತದೆ.