ಬಾಲರ ಅಸ್ಥಿಗಳಲ್ಲಿ ಸೌಮ್ಯಾರ್ಬುದಗಳು

ಸುಶ್ರುತಸಂಹಿತೆಯ ಸೂತ್ರಸ್ಥಾನವು ಅಸ್ಥಿದೋಷಜ ವಿಕಾರಗಳಲ್ಲಿ ‘ಅಧ್ಯಸ್ಥಿ’ಯನ್ನು, ಎಂದರೆ ಎಲುಬಿನ ಮೇಲೆ ಬೆಳೆಯುವ ಎಲುಬನ್ನು, ಎಣಿಸಿದೆ. ಈ ಹೆಸರಿಗೆ ಒಪ್ಪುವಂತಹುದು ಮೃದ್ವಸ್ಥಿಯ ಟೊಪ್ಪಿಗೆಯುಳ್ಳ ಆಸ್ಟಿಯೋಕಾಂಡ್ರೋಮ. ಬಾಲಕನ ಬೆಳವಣಿಗೆಯು ಮುಗಿದಾಗ ಇದೂ ಸಾಮಾನ್ಯವಾಗಿ ನಿಲ್ಲುವುದು. ನೋವಾಗಲಿ, ನರ ರಕ್ತನಾಳಗಳ ಮೇಲಣ ಒತ್ತಡವಾಗಲಿ ಇಲ್ಲದಿರೆ ಕಾದು ನೋಡುವುದೇ ಯುಕ್ತವು. ಬೆಳವಣಿಗೆ ನಿಂತ ಮೇಲೂ ಉಬ್ಬು ಹಿಗ್ಗಿದರೆ ಮಾರಕಪರಿವರ್ತನೆಯನ್ನು ಶಂಕಿಸತಕ್ಕುದು.

ದ್ರವಪೂರ್ಣವಾದ ಅಸ್ಥಿಕೋಶವು ಬಹುಧಾ ತೋಳೆಲುಬಿನ ಮೇಲ್ತುದಿಯ ಬಳಿ ಉಂಟಾಗಿ, ಅಲ್ಪಾಘಾತದಿಂದಲೇ ಎಲುಬು ಮುರಿದಾಗ ಗೋಚರಿಸುವುದುಂಟು. ಇದಕ್ಕೆ ಸ್ಟೀರಾಯ್ಡ್ ಸೂಜಿಮದ್ದನ್ನು ಕೊಡುವರು; ಇಲ್ಲವೆ ಒಳಗನ್ನು ಕೆರೆದು ಎಲುಬಿನ ಚೂರುಗಳನ್ನು ತುಂಬುವರು. ಎರಡರಲ್ಲಿಯೂ ಮರುಕಳಿಕೆಯ ಸಂಭವವಿದೆ. ಜಾಫೆ ಎಂಬ ವೈದ್ಯನು 1935ರಲ್ಲಿ ವಿವರಿಸಿದ ಆಸ್ಟಿಯಾಯ್ಡ್ ಆಸ್ಟಿಯೋಮದ ನೋವು ರಾತ್ರಿಯಲ್ಲಿ ಹೆಚ್ಚಿ, ಆಸ್ಪಿರಿನ್ ಜಾತಿಯ ಔಷಧಗಳಿಂದ ಶಮಿಸುವುದು. ಶಮಿಸದಿದ್ದಲ್ಲಿ ಈಗ ಸೂಜಿಯ ಮೂಲಕ ರೇಡಿಯೋತರಂಗಗಳ ಕಾವನ್ನು ಹಾಯಿಸಿ ಅದನ್ನು ಸುಡುವರು. ಗ್ರಂಥಿ, ಅರ್ಬುದಗಳಿಗೆ ಸುಶ್ರುತನು ವಿಧಿಸಿದ ಅಗ್ನಿಕರ್ಮವನ್ನು ಇದು ನೆನಪಿಗೆ ತರುತ್ತದೆ.

ಎಲ್ಲ ಚಿಕಿತ್ಸೆಗಳಲ್ಲಿಯೂ ರಕ್ಷಿಸಬೇಕಾದುದು ಎಲುಬಿನ ತುದಿಯ ಬಳಿಯಿರುವ ವರ್ಧನಫಲಕ. ಅದು ಹಾನಿಗೊಂಡರೆ ಅವಯವವು ಗಿಡ್ಡವಾಗಬಹುದು, ವಕ್ರವಾಗಬಹುದು. ಆದುದರಿಂದ ರೋಗವು ಮಾಡದ ಕೇಡನ್ನು ಶಸ್ತ್ರವು ಮಾಡದಂತೆ ನೋಡುವುದೇ ಇಲ್ಲಿ ವೈದ್ಯನ ವಿವೇಕ.