ಮತದಾರರು ಆರಿಸಿದ ವಿದ್ಯಾಧಿಕಾರಿ

ನಮ್ಮ ಸೀಮೆಯಲ್ಲಿ ವಿದ್ಯಾಭ್ಯಾಸದ ಇಲಾಖೆಗೆ ಮುಖ್ಯಸ್ಥರಾಗಿ ಬರುವವರು ಸರ್ಕಾರದ ಆಜ್ಞೆಯಿಂದ ಬರುತ್ತಾರೆ. ವರ್ಗಾವಣೆಯ ಮತ್ತೊಂದು ಆಜ್ಞೆ ಹೊರಟೊಡನೆ ಹೊರಡುತ್ತಾರೆ. ಹಳೆಯ ಮೈಸೂರಿನ ಡಿ.ಪಿ.ಐ. ಸಾಹೇಬರಿಂದ ಮೊದಲುಗೊಂಡು ಇಂದಿನ ಕಮಿಷನರವರೆಗೆ ಈ ಕ್ರಮ ಬದಲಾದದ್ದಿಲ್ಲ. ಅಂಥ ಸ್ಥಾನವನ್ನು ಬಯಸುವವನು ಊರೂರು ತಿರುಗಿ ಮತ ಯಾಚಿಸಬೇಕು, ಗೆದ್ದಲ್ಲದೆ ಕಚೇರಿಯ ಮೆಟ್ಟಿಲು ಹತ್ತುವಂತಿಲ್ಲ, ಸೋತರೆ ಮರುದಿನದಿಂದ ಅವನು ಯಾರೋ ಎಂದರೆ ನಮ್ಮ ಶಾಲಾ ಮಾಸ್ತರರಿಗೆ ವಿನೋದದ ಮಾತಾಗಿ ತೋರೀತು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನದ ಸುಮಾರು ಹನ್ನೆರಡು ರಾಜ್ಯಗಳಲ್ಲಿ ಇಂದಿಗೂ ಅದೇ ಶಾಸನ. ಅವುಗಳಲ್ಲೆಲ್ಲ ದೊಡ್ಡದಾದ ಕ್ಯಾಲಿಫೋರ್ನಿಯದಲ್ಲಿ ‘ಸಾರ್ವಜನಿಕ ಶಿಕ್ಷಣದ ಸೂಪರಿಂಟೆಂಡೆಂಟ್’ ಎಂಬ ಅಧಿಕಾರಿಯನ್ನು ನಾಲ್ಕು ವರ್ಷಗಳಿಗೊಮ್ಮೆ ರಾಜ್ಯದ ಸಮಸ್ತ ಮತದಾರರೂ ಕೂಡಿ ಆರಿಸುತ್ತಾರೆ. ಸಾಂತಾ ಕ್ಲಾರಾ ಕಣಿವೆಯಲ್ಲಿ ಮನೆಮಾಡಿ ಅಲ್ಲಿಯ ಪೌರತ್ವವನ್ನು ಪಡೆದಿರುವ ನಮ್ಮ ಕನ್ನಡಿಗರಿಗೂ ಈ ಮತವುಂಟು.

ಈ ಪದವಿಯ ಬೀಜ 1849ರ ಕ್ಯಾಲಿಫೋರ್ನಿಯ ಸಂವಿಧಾನದಲ್ಲಿಯೇ ಬಿತ್ತಲ್ಪಟ್ಟಿತು. ಚಿನ್ನದ ಆಸೆಗೆ ಬಿದ್ದು ಜಗತ್ತಿನ ನಾಲ್ಕು ಮೂಲೆಗಳಿಂದಲೂ ಜನ ನುಗ್ಗಿಬರುತ್ತಿದ್ದ ಆ ಕಾಲದಲ್ಲಿ, ಶಾಲೆಯ ಚಿಂತೆಯನ್ನು ಮಾಡುವ ಒಬ್ಬ ಅಧಿಕಾರಿ ಇರಬೇಕೆಂದೂ ಅವನನ್ನು ಜನರೇ ಆರಿಸಬೇಕೆಂದೂ ಆ ಗದ್ದಲದ ನಡುವೆ ಕುಳಿತು ಬರೆದವರ ದೂರದೃಷ್ಟಿ ಮೆಚ್ಚತಕ್ಕದ್ದು. 1862ರಲ್ಲಿ ಚುನಾಯಿತರಾದ ಜಾನ್ ಸ್ವೆಟ್ಟರು ಮೂಲತಃ ಸ್ಯಾನ್ ಫ್ರಾನ್ಸಿಸ್ಕೋದ ಉಪಾಧ್ಯಾಯರು; ಮಕ್ಕಳ ತಂದೆತಾಯಿಗಳಿಂದ ಶುಲ್ಕ ವಸೂಲು ಮಾಡುವ ಪದ್ಧತಿಯನ್ನು ತೆಗೆದುಹಾಕಬೇಕೆಂದು ಹಟ ಹಿಡಿದು, ತಮ್ಮ ಅಧಿಕಾರಾವಧಿ ಮುಗಿಯುವುದರೊಳಗಾಗಿ ಸಾರ್ವಜನಿಕ ಶಾಲೆಗಳನ್ನು ಉಚಿತವನ್ನಾಗಿ ಮಾಡಿಸಿದರು. ಸ್ತ್ರೀಯರಿಗೆ ಇನ್ನೂ ಸರ್ವತ್ರ ಮತಾಧಿಕಾರವಿಲ್ಲದಿದ್ದ 1892ರಲ್ಲಿ ನಾರ್ತ್ ಡಕೋಟ ರಾಜ್ಯದ ಜನ ಲಾರಾ ಐಸೆನ್‌ಹುತ್ ಎಂಬ ಮಹಿಳೆಯನ್ನು ಇದೇ ಪದವಿಗೆ ಆರಿಸಿದರು. ಆ ದೇಶದಲ್ಲಿ ಇಡೀ ರಾಜ್ಯದ ಮತದಿಂದ ಅಧಿಕಾರಕ್ಕೆ ಬಂದ ಮೊದಲ ಸ್ತ್ರೀ ಆಕೆ. ಅಧಿಕಾರದ ಉಳಿದ ಬಾಗಿಲುಗಳು ಯಾರಿಗೆ ಮುಚ್ಚಿದ್ದುವೋ ಅವರು ಶಾಲೆಯ ಬಾಗಿಲಿನಿಂದ ಒಳಹೊಕ್ಕ ನಿದರ್ಶನ ಇದೊಂದೇ ಅಲ್ಲವೆಂಬುದು ಮುಂದೆ ತಿಳಿಯುವುದು.

ಪದವಿಯ ಹೆಸರು ದೊಡ್ಡದು; ಅದರೊಳಗಿನ ಅಧಿಕಾರವನ್ನು ಅಳೆದು ನೋಡಿದರೆ ಮಾತ್ರ ಆಶ್ಚರ್ಯವಾಗುತ್ತದೆ. ಹಣವನ್ನು ಮಂಜೂರು ಮಾಡುವುದು ಶಾಸನಸಭೆ. ನೀತಿಯನ್ನು ನಿರ್ಣಯಿಸುವುದು ಗವರ್ನರು ನೇಮಿಸಿದ ರಾಜ್ಯ ಶಿಕ್ಷಣ ಮಂಡಲಿ. ಉಪಾಧ್ಯಾಯರನ್ನು ನೇಮಿಸುವುದು, ಶಾಲೆಗಳನ್ನು ನಡೆಸುವುದು, ಇವೆಲ್ಲವೂ ಒಂಬೈನೂರಕ್ಕೂ ಮಿಕ್ಕಿದ ಸ್ಥಳೀಯ ಶಾಲಾ ಜಿಲ್ಲೆಗಳವು. ಆ ಜಿಲ್ಲೆಗಳಿಗೂ ಚುನಾಯಿತ ಮಂಡಲಿಗಳಿವೆ. ಕೋಟ್ಯಂತರ ಜನರ ಮತದ ಕಣದಲ್ಲಿ ಗೆದ್ದು ಬಂದ ಸೂಪರಿಂಟೆಂಡೆಂಟರ ಪಾಲಿಗೆ ಉಳಿಯುವುದು ಇಲಾಖೆಯ ಆಡಳಿತ, ಮಂಡಲಿಯ ಕಾರ್ಯದರ್ಶಿತ್ವ, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಆಡಳಿತ ಸಮಿತಿಯಲ್ಲಿ ಪದನಿಮಿತ್ತವಾದ ಒಂದು ಸ್ಥಾನ. ಉಗ್ರಾಣದ ಬೀಗದ ಕೈ ಅತ್ತೆಯ ಸೊಂಟದಲ್ಲಿ, ಅಡಿಗೆ ಕೆಟ್ಟರೆ ಬೈಗುಳ ಸೊಸೆಗೆ ಎಂಬಂಥ ಸಂಸಾರವಿದು. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿ ಪಕ್ಷದ ಹೆಸರೂ ಇರತಕ್ಕದ್ದಲ್ಲ. ಆದುದರಿಂದ ಪಕ್ಷದ ಬೆನ್ನಾಸರೆಯೂ ನೆಚ್ಚತಕ್ಕದ್ದಲ್ಲ. ಇಂಥ ಪದವಿಯಲ್ಲಿ ಕುಳಿತವನು ಏನನ್ನಾದರೂ ಸಾಧಿಸಬೇಕಾದರೆ ಆಜ್ಞೆಯಿಂದಲ್ಲ, ಒಪ್ಪಿಸುವ ಮಾತಿನಿಂದ ಸಾಧಿಸಬೇಕು. ಇದನ್ನು ಚೆನ್ನಾಗಿ ಅರಿತು ಹನ್ನೆರಡು ವರ್ಷಗಳ ಕಾಲ ಅದೇ ಬಲದಿಂದ ನಡೆದವರು ವಿಲ್ಸನ್ ರೈಲ್ಸ್.

ರೈಲ್ಸರು ಹುಟ್ಟಿದ್ದು 1917ರ ಜೂನ್ 27ರಂದು, ಲೂಸಿಯಾನ ರಾಜ್ಯದ ಅಲೆಕ್ಸಾಂಡ್ರಿಯದ ಸಮೀಪ. ಬಾಲ್ಯದಲ್ಲಿಯೇ ತಂದೆತಾಯಿಗಳಿಬ್ಬರೂ ತೀರಿಕೊಂಡ ಆ ಕಪ್ಪುವರ್ಣದ ಹುಡುಗನನ್ನು ಪರಿಚಿತ ಕುಟುಂಬವೊಂದು ತನ್ನ ಮಗನಂತೆ ಸಾಕಿತು. ನ್ಯೂ ಆರ್ಲಿಯನ್ಸ್ ಪಟ್ಟಣದ ‘ಮ್ಯಾಕ್‌ಡೊನೊ 35’ ಎಂಬ ಹೈಸ್ಕೂಲಿನಲ್ಲಿ ಅವರು ಓದಿದರು. ಕಪ್ಪುಜನರ ಮಕ್ಕಳಿಗೆಂದು ಆಗ ಆ ಊರಿನಲ್ಲಿದ್ದ ಸರ್ಕಾರಿ ಪ್ರೌಢಶಾಲೆ ಅದೊಂದೇ. ಅನಂತರ ಸಾಕಿದವರೊಡನೆ ಪಶ್ಚಿಮಕ್ಕೆ, ಅರಿಜೋನಕ್ಕೆ ಬಂದರು. ಲೂಸಿಯಾನದ ಕಾಡು ಬರಿದಾಗುತ್ತ ಬಂದಾಗ ಮರದ ಕಂಪೆನಿಯೊಂದು ಮ್ಯಾಕ್‌ನೇರಿ ಎಂಬ ತನ್ನ ಊರಿನ ಕೂಲಿಗಳನ್ನು 1924ರಲ್ಲಿ ಅರಿಜೋನದ ಬೆಟ್ಟಗಳಿಗೆ ಸಾಗಿಸಿ, ಊರಿನ ಹೆಸರನ್ನೂ ಜೊತೆಗೇ ಒಯ್ದಿದ್ದಿತು; ಹೊಟ್ಟೆಪಾಡಿಗಾಗಿ ದಕ್ಷಿಣದ ಜನ ಆ ದಾರಿ ಹಿಡಿಯುವುದು ಆಗ ಅಪರೂಪವಲ್ಲ. ಫ್ಲಾಗ್‌ಸ್ಟಾಫಿನ ಉಪಾಧ್ಯಾಯರ ಕಾಲೇಜಿನಲ್ಲಿ ಕಪ್ಪುವರ್ಣದ ಏಕಮಾತ್ರ ವಿದ್ಯಾರ್ಥಿಯಾಗಿ ಕಲಿತು 1940ರಲ್ಲಿ ಪದವಿ ಪಡೆದ ತರುಣನಿಗೆ ದೊರೆತ ಮೊದಲ ಉದ್ಯೋಗ ಅದೇ ಮ್ಯಾಕ್‌ನೇರಿಯ ಕಡೆ, ಅಪಾಚೆ ಜನರ ಸೀಮೆಯಲ್ಲಿ, ಏಕೋಪಾಧ್ಯಾಯ ಶಾಲೆಯ ಮಾಸ್ತರಿಕೆ.

ಏಕೋಪಾಧ್ಯಾಯ ಶಾಲೆ ಎಂದರೆ ಏನೆಂಬುದನ್ನು ನಮ್ಮ ಹಳ್ಳಿಗರಿಗೆ ವಿವರಿಸಬೇಕಾದುದಿಲ್ಲ. ಒಂದು ಕೋಣೆ, ಅದರಲ್ಲಿ ಅಕ್ಷರ ತಿದ್ದುವವರು ಒಂದು ಮೂಲೆಯಲ್ಲಿ, ಭಿನ್ನರಾಶಿಯ ಲೆಕ್ಕ ಮಾಡುವವರು ಮತ್ತೊಂದು ಮೂಲೆಯಲ್ಲಿ. ದೊಡ್ಡವರಿಗೆ ಪಾಠ ಹೇಳುತ್ತಿರುವಾಗ ಚಿಕ್ಕವರು ಗಲಾಟೆ ಮಾಡದಂತೆ ಒಂದು ಕಣ್ಣಿಟ್ಟಿರಬೇಕು, ಚಿಕ್ಕವರ ಕೈ ಹಿಡಿದು ಬರೆಸುವಾಗ ದೊಡ್ಡವರಿಗೆ ಕೆಲಸ ಕೊಟ್ಟಿರಬೇಕು. ಮುಂದೆ ರಾಜ್ಯದ ಶಿಕ್ಷಣವನ್ನು ತಿದ್ದಲು ಹೊರಟಾಗ ರೈಲ್ಸರು ಹಿಡಿದದ್ದು ಅತ್ಯಂತ ಚಿಕ್ಕ ಮಕ್ಕಳ ಕೊಠಡಿಯನ್ನು. ಒಬ್ಬನೇ ಮಾಸ್ತರನಿಂದ ಎಲ್ಲ ಮಕ್ಕಳ ಮುಖವನ್ನೂ ನೋಡಲಾಗದು ಎಂಬ ಸಂಗತಿಯನ್ನು ಅವರು ಯಾವ ಸಮಿತಿಯ ವರದಿಯಿಂದಲೂ ಕಲಿಯಬೇಕಾಗಿರಲಿಲ್ಲವೆಂದು ನನಗೆ ತೋರುತ್ತದೆ. ಯುದ್ಧಕಾಲದಲ್ಲಿ ಸೈನ್ಯದ ವಿಮಾನದಳದಲ್ಲಿದ್ದು ಬಂದು, 1947ರಲ್ಲಿ ಎಂ.ಎ. ಮುಗಿಸಿ, ಅರಿಜೋನದ ಶಾಲೆಗಳ ಆಡಳಿತವನ್ನು ನೋಡಿಕೊಂಡು, 1954ರಲ್ಲಿ ಶಾಂತಿವಾದಿಗಳ ಸಂಘವೊಂದರ ಕಾರ್ಯದರ್ಶಿಯಾಗಿ ಲಾಸ್ ಏಂಜಲೀಸಿಗೆ ನಡೆದರು. 1958ರಲ್ಲಿ ಕ್ಯಾಲಿಫೋರ್ನಿಯದ ಶಿಕ್ಷಣ ಇಲಾಖೆಯನ್ನು ಸೇರಿದರು. ಉಪಾಧ್ಯಾಯರ ನೇಮಕದಲ್ಲಿ ವರ್ಣಭೇದ ನಡೆಯದಂತೆ ನೋಡುವುದು ಅಲ್ಲಿ ಅವರ ಮೊದಲ ಕೆಲಸ. 1965ರಲ್ಲಿ ಬಡಮಕ್ಕಳ ಶಿಕ್ಷಣಕ್ಕೆಂದು ಕೇಂದ್ರ ಸರ್ಕಾರದಿಂದ ದೊಡ್ಡ ಮೊತ್ತ ಹರಿದುಬರತೊಡಗಿದಾಗ ಅದರ ವಿನಿಯೋಗದ ಹೊಣೆಯೂ ಅವರ ಮೇಲೆಯೇ ಬಿತ್ತು.

ಆಗ ಸೂಪರಿಂಟೆಂಡೆಂಟರಾಗಿದ್ದವರು ಮ್ಯಾಕ್ಸ್ ರಾಫರ್ಟಿ, ಉಜ್ಜ್ವಲ ವಾಗ್ಮಿ. ಹೊಸ ಶಿಕ್ಷಣಪದ್ಧತಿಗಳು ದೇಶಭಕ್ತಿಯನ್ನು ಕೊಂದುವೆಂದು 1961ರಲ್ಲಿ ಮಾಡಿದ ಒಂದು ಭಾಷಣದಿಂದಲೇ ಖ್ಯಾತಿಗೆ ಬಂದು ಮರುವರ್ಷ ಚುನಾವಣೆಯನ್ನು ಗೆದ್ದವರು. 1968ರಲ್ಲಿ ಸೆನೆಟ್ ಸಭೆಗೂ ನಿಂತು ಸೋತಿದ್ದರು. ಅವರ ಕೈಕೆಳಗಿನ ಅಧಿಕಾರಿಯಾಗಿದ್ದ ರೈಲ್ಸರು 1970ರಲ್ಲಿ ಅವರಿಗೇ ಎದುರಾಗಿ ನಿಂತರೆಂದರೆ, ನಮ್ಮ ಕಚೇರಿಗಳ ಶಿಷ್ಟಾಚಾರವನ್ನು ಬಲ್ಲವರಿಗೆ ಮೈ ಝುಮ್ಮೆನ್ನದಿರದು. ಜೂನಿನ ಮೊದಲ ಸುತ್ತಿನಲ್ಲಿ ರಾಫರ್ಟಿಯವರು ಎಲ್ಲರಿಗಿಂತ ಮುಂದೆ ಬಂದರು. ಆದರೆ ಅರ್ಧಕ್ಕೆ ಮಿಕ್ಕಿ ಮತ ದೊರೆಯದೆ ನವೆಂಬರಿನ ಎರಡನೆಯ ಸುತ್ತಿಗೆ ಕಾಯಬೇಕಾಯಿತು. ರಾಫರ್ಟಿಯವರು ಗುಡುಗುವ ಕಡೆಗಳಲ್ಲಿ ರೈಲ್ಸರು ಮೆಲುದನಿಯಲ್ಲಿ ಮಾತನಾಡಿದರು. ಮಕ್ಕಳ ವಿಷಯ ಮಾತನಾಡಿದರು. ಅದೇ ದಿನ ರೊನಾಲ್ಡ್ ರೇಗನ್‌ರನ್ನು ಎರಡನೆಯ ಬಾರಿ ಗವರ್ನರಾಗಿ ಆರಿಸಿದ ಮತದಾರರೇ ಸುಮಾರು ಐದು ಲಕ್ಷ ಮತಗಳ ಅಂತರದಿಂದ ರೈಲ್ಸರನ್ನು ಗೆಲ್ಲಿಸಿದರು. ಕ್ಯಾಲಿಫೋರ್ನಿಯದಲ್ಲಿ ಇಡೀ ರಾಜ್ಯದ ಮತದಿಂದ ಅಧಿಕಾರಕ್ಕೆ ಬಂದ ಮೊದಲ ಕಪ್ಪುವರ್ಣೀಯರು ಅವರೇ. ರೇಗನ್‌ರೂ ರೈಲ್ಸರೂ ಒಂದೇ ಮತಗಟ್ಟೆಯಿಂದ ಹೊರಬಿದ್ದುದು ವಿಚಿತ್ರವೆಂದು ತೋರಬಹುದು. ಮತಪತ್ರದ ಮೇಲೆ ಪಕ್ಷದ ಹೆಸರಿಲ್ಲದಿರುವುದರ ಫಲ ಇದೂ ಒಂದೆನ್ನಬೇಕು.

ಅವರ ಮುಖ್ಯ ಸಾಧನೆಯೆಂದು ಎಣಿಸಲ್ಪಡುವುದು 1972ರಲ್ಲಿ ಶಾಸನವಾದ ಶೈಶವ ಶಿಕ್ಷಣದ ಯೋಜನೆ. ಶಿಶುವಿಹಾರದಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಓದುಬರಹ, ಲೆಕ್ಕಗಳಲ್ಲಿ ಆರಂಭದಲ್ಲಿಯೇ ಗಟ್ಟಿಯಾದರೆ ಮುಂದಿನ ಚಿಕಿತ್ಸೆಯ ವೆಚ್ಚ ತಾನಾಗಿ ತಗ್ಗುವುದೆಂಬುದು ಅವರ ವಾದ. ನಾಲ್ಕು ವರ್ಷದ ಮಕ್ಕಳನ್ನೂ ಸೇರಿಸಬೇಕೆಂದಿದ್ದರು. ಶಾಸನಸಭೆ ಅದನ್ನು ಬಿಟ್ಟುಬಿಟ್ಟಿತು. ವೆಚ್ಚವೆಂದರೆ ಹುಬ್ಬು ಗಂಟಿಕ್ಕುತ್ತಿದ್ದ ಗವರ್ನರಿಂದ ಇದಕ್ಕೆ ಸಹಿ ಮಾಡಿಸಿಕೊಂಡದ್ದೇ ಒಂದು ಚಾತುರ್ಯ. ಹಣ ಎಲ್ಲ ಶಾಲೆಗಳಿಗೂ ಹಂಚಿಹೋಗಲಿಲ್ಲ. ಬೇಕೆಂದ ಶಾಲೆ ಮೊದಲು ತನ್ನ ಯೋಜನೆಯನ್ನು ತಾನೇ ಬರೆಯಬೇಕು. ಬರೆಯುವಾಗ ಮಕ್ಕಳ ತಂದೆತಾಯಿಗಳು ಉಪಾಧ್ಯಾಯರ ಜೊತೆಯಲ್ಲಿ ಕುಳಿತಿರಬೇಕು. ಇಲಾಖೆಯವರು ಬಂದು ತರಗತಿಯಲ್ಲಿ ಕುಳಿತು ನೋಡಿ, ಕೆಲಸ ನಡೆಯುತ್ತಿದ್ದರೆ ಮುಂದಿನ ಕಂತು. ತರಗತಿಯೊಳಗೆ ಹತ್ತು ಮಕ್ಕಳಿಗೆ ಒಬ್ಬರಂತೆ ಹಿರಿಯರಿರಬೇಕೆಂಬುದು ಗುರಿ. ಅಷ್ಟು ಮಂದಿ ಉಪಾಧ್ಯಾಯರಿಗೆ ಸಂಬಳ ಕೊಡಲು ಯಾವ ಬೊಕ್ಕಸವೂ ಸಾಲದು. ಆದುದರಿಂದ ಸಹಾಯಕರು ಬಂದರು, ನೆರೆಹೊರೆಯ ತಾಯಂದಿರು ಬಂದರು. ಸಾಲುಬೆಂಚುಗಳು ಚದುರಿ, ಒಂದು ಮೇಜಿನ ಸುತ್ತ ನಾಲ್ಕೈದು ಮಕ್ಕಳು ಒಬ್ಬ ತಾಯಿಗೆ ಕಥೆಯನ್ನು ಓದಿಹೇಳುವರು. ಮತ್ತೊಂದರಲ್ಲಿ ಸಹಾಯಕಿಯ ಮುಂದೆ ಕೂಡುವ ಲೆಕ್ಕ. ಉಪಾಧ್ಯಾಯಿನಿ ಹಿಂದೆ ಬಿದ್ದ ಮಗುವಿನ ಪಕ್ಕದಲ್ಲಿ. ಶಾಲೆಯ ಗೇಟಿನ ಹೊರಗೇ ನಿಂತು ಮಗುವನ್ನು ಕರೆದೊಯ್ಯುತ್ತಿದ್ದ ತಾಯಿಯನ್ನು ಒಳಕ್ಕೆ ಕರೆದು ಕೂರಿಸಿದ್ದು, ನನ್ನ ಎಣಿಕೆಯಲ್ಲಿ, ಆ ಶಾಸನದ ಉಳಿದೆಲ್ಲ ವಿಧಿಗಳಿಗಿಂತ ದೊಡ್ಡದು. ಅಂಕಗಳು ಎಷ್ಟು ಏರಿದುವೆಂಬ ವಿಷಯದಲ್ಲಿ ಪಂಡಿತರು ಏಕಾಭಿಪ್ರಾಯಕ್ಕೆ ಬರಲಿಲ್ಲ. 1977ರ ಶಾಸನ ಮೇಲಿನ ತರಗತಿಗಳಿಗೂ ಇದೇ ಕ್ರಮವನ್ನು ವಿಸ್ತರಿಸಿತು.

ಇಷ್ಟರಲ್ಲಿ ನ್ಯಾಯಾಲಯಗಳು ಸುಮ್ಮನಿರಲಿಲ್ಲ. ಬೆವರ್ಲಿ ಹಿಲ್ಸ್‌ನ ಒಂದು ಮಗುವಿಗೆ ವರ್ಷಕ್ಕೆ 1,232 ಡಾಲರು ವೆಚ್ಚವಾಗುತ್ತಿರುವಾಗ ಬಾಲ್ಡ್‌ವಿನ್ ಪಾರ್ಕಿನ ಮಗುವಿಗೆ 577 ಡಾಲರು ಮಾತ್ರವೆಂಬ ಲೆಕ್ಕವನ್ನು ಮುಂದಿಟ್ಟುಕೊಂಡು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1971ರಲ್ಲಿ, ನೆರೆಹೊರೆಯ ಆಸ್ತಿಯ ಬೆಲೆ ಮಗುವಿನ ವಿದ್ಯೆಯನ್ನು ನಿರ್ಣಯಿಸಕೂಡದೆಂದು ಹೇಳಿತು. 1978ರಲ್ಲಿ ಮತದಾರರು ಆಸ್ತಿತೆರಿಗೆಗೆ ಕಡಿವಾಣ ಹಾಕಿದರು. ಶಾಲೆಗಳ ಅನ್ನದ ಬಟ್ಟಲು ಊರಿನಿಂದ ರಾಜಧಾನಿ ಸ್ಯಾಕ್ರಮೆಂಟೋಗೆ ಹೋಯಿತು.

ಆದರೆ ರೈಲ್ಸರ ಹೆಸರನ್ನು ಕಾನೂನಿನ ಗ್ರಂಥಗಳಲ್ಲಿ ಶಾಶ್ವತಗೊಳಿಸಿದ ಮೊಕದ್ದಮೆ ಬೇರೊಂದು. ಬುದ್ಧಿಮಾಪನದ ಪರೀಕ್ಷೆಗಳಲ್ಲಿ ಕಡಮೆ ಅಂಕ ಬಂದ ಕಾರಣಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಕಪ್ಪುಮಕ್ಕಳನ್ನು ಮಂದಬುದ್ಧಿಯವರೆಂದು ಎಣಿಸಿ ಪ್ರತ್ಯೇಕ ತರಗತಿಗಳಿಗೆ ಕಳುಹಿಸಿದ್ದರು. ಪೋಷಕರು 1971ರಲ್ಲಿ ಕೇಂದ್ರ ಜಿಲ್ಲಾ ನ್ಯಾಯಾಲಯದ ಮೊರೆಹೊಕ್ಕರು. 1968–69ರಲ್ಲಿ ರಾಜ್ಯದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 9 ಮಂದಿ ಕಪ್ಪುಮಕ್ಕಳು. ಆ ಪ್ರತ್ಯೇಕ ತರಗತಿಗಳಲ್ಲಾದರೋ ನೂರಕ್ಕೆ 27. ಇಲಾಖೆಯ ಮುಖ್ಯಸ್ಥರು ಪ್ರತಿವಾದಿಯಾಗಬೇಕಾದುದು ಶಾಸನವಿಧಿ. ಹೀಗೆ, ಕಪ್ಪುಜನರ ಶಾಲೆಯಲ್ಲಿ ಓದಿ, ನೇಮಕದಲ್ಲಿನ ವರ್ಣಭೇದದ ವಿರುದ್ಧ ದುಡಿದು, ಬಡಮಕ್ಕಳ ಹೆಸರಿನಲ್ಲಿ ಜೀವ ತೇದ ಮನುಷ್ಯ ‘ಲ್ಯಾರಿ ಪಿ. ವಿರುದ್ಧ ರೈಲ್ಸ್’ ಎಂಬ ಶೀರ್ಷಿಕೆಯ ಎಡವಟ್ಟಾದ ಪಾರ್ಶ್ವದಲ್ಲಿ ಸಿಕ್ಕಿಬಿದ್ದರು. 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್ಯಾಮರು ಮಕ್ಕಳ ಪರವಾಗಿ ತೀರ್ಪಿತ್ತು ಆ ಪರೀಕ್ಷೆಗಳ ಪ್ರಯೋಗವನ್ನು ತಡೆದರು. ಚುನಾಯಿತನು ತನ್ನ ಇಚ್ಛೆಯಿಂದ ಪದವಿಗೆ ಬರುತ್ತಾನೆ. ಪದವಿಯ ಹಳೆಯ ಸಾಲಗಳು ಮಾತ್ರ ಅವನ ಇಚ್ಛೆಯನ್ನು ಕೇಳಿ ಬರುವುದಿಲ್ಲ.

1974ರಲ್ಲಿಯೂ 1978ರಲ್ಲಿಯೂ ಗೆದ್ದ ರೈಲ್ಸರು 1982ರಲ್ಲಿ ಬಿಲ್ ಹೋನಿಗ್ ಎಂಬವರಿಗೆ ಸೋತರು. ವಕೀಲವೃತ್ತಿಯನ್ನು ಬಿಟ್ಟು ಉಪಾಧ್ಯಾಯರಾದ ಹೋನಿಗ್‌ರು ಮನೆಪಾಠ, ಶಿಸ್ತು, ಕಠಿಣವಾದ ಪಠ್ಯಕ್ರಮ ಎಂದು ಸಾರಿದ್ದರು. ಹನ್ನೆರಡು ವರ್ಷಗಳ ಕೆಳಗೆ ಸೋತ ರಾಫರ್ಟಿಯವರ ರಾಗವೇ ತುಸು ಇಂಪಾದ ಕಂಠದಲ್ಲಿ ಮರಳಿ ಬಂದಂತಿತ್ತೆಂದರೆ ಹೋನಿಗ್‌ರಿಗೆ ಪೂರ್ಣ ನ್ಯಾಯವಾಗದಿರಬಹುದು, ಆದರೂ ಜನರ ಕಿವಿಗೆ ಹಾಗೆ ಕೇಳಿಸಿತು. ಸೋತ ರೈಲ್ಸರು ಸ್ಯಾಕ್ರಮೆಂಟೋದಲ್ಲಿಯೇ ಉಳಿದು ಶಿಕ್ಷಣದ ಸಲಹೆಗಾರರಾಗಿ ಕೆಲಸ ಮುಂದುವರಿಸಿ, 1999ರ ಏಪ್ರಿಲ್ 1ರಂದು ತೀರಿಕೊಂಡರು. ಹೋನಿಗ್‌ರಿಗೂ ಶಿಕ್ಷಣ ಮಂಡಲಿಗೂ ಜಗಳ ಬೆಳೆದು ನ್ಯಾಯಾಲಯಕ್ಕೆ ಹೋಯಿತು; ನೀತಿಯನ್ನು ನಿರ್ಣಯಿಸುವ ಅಧಿಕಾರ ಗವರ್ನರು ನೇಮಿಸಿದ ಮಂಡಲಿಯದೇ ಎಂಬ ತೀರ್ಪು 1993ರಲ್ಲಿ ಬಂದಿತು. ಹಾಗಿದ್ದೂ ಕ್ಯಾಲಿಫೋರ್ನಿಯದ ಜನ ಆ ಪದವಿಯನ್ನು ನೇಮಕಕ್ಕೆ ಒಪ್ಪಿಸಿಲ್ಲ. ನಾಲ್ಕು ವರ್ಷಗಳಿಗೊಮ್ಮೆ ಅದಕ್ಕೆ ಅಭ್ಯರ್ಥಿಗಳು ನಿಲ್ಲುತ್ತಲೇ ಇದ್ದಾರೆ.